ಕದವಿಲ್ಲದ ಕಪಾಟು

ಹೋದ ತಿಂಗಳು ಒಬ್ಬ ಹೊಸ ಗ್ರಂಥಪಾಲಕಿ ನನ್ನನ್ನು ನೋಡಲು ಮನೆಗೆ ಬಂದಿದ್ದಳು. ಯಾವುದೋ ವಿಶ್ವವಿದ್ಯಾಲಯದಲ್ಲಿ ಈಗಷ್ಟೇ ನೌಕರಿ ಸಿಕ್ಕಿದೆಯಂತೆ. "ಅಕ್ಕಾರ, ವಿದೇಶಿ ಜರ್ನಲ್ಲು ಭಾಳ ತುಟ್ಟಿ ಆಗ್ಯಾವ್ರಿ. ಅದಕ್ಕ ನಮ್ಮ ಪ್ರಾಧ್ಯಾಪಕರು ಬರದದ್ದನ್ನ ನಾವ ಕೂಡಿಟ್ಟು, ಯಾರ್ ಬೇಕಾದ್ರೂ ಓದ್ರಿ ಅಂತ ತೆರದಿಡಾಕತ್ತೀವಿ. ಅಗದಿ ಹೊಸಾ ವಿಚಾರ ನೋಡ್ರಿ," ಎಂದಳು. ಹೊಸಾ ವಿಚಾರ! ಚಹಾ ಕುಡಿಸಿ, ಚುರುಮುರಿ ತಿನ್ನಿಸಿ ಕಳಿಸಿದೆ. ಅವಳು ಹೋದ ಮೇಲೆ ನಗು ಬಂತು. ನಗು ಮುಗಿದ ಮೇಲೆ ಇದನ್ನು ಬರೆಯಲು ಕುಳಿತೆ.

ಗ್ರಂಥಪಾಲಕರಾಗಲು ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ. ಪುಸ್ತಕ ಕೊಡುವುದನ್ನು ಕಲಿಯಲು ಒಂದು ದಿನ ಸಾಕು. ಕೊಡಬೇಡ ಎನ್ನುವವರ ಕೈಕೆಳಗೆ ಕುಳಿತು ಕೊಡುವುದನ್ನು ಕಲಿಯಲು ಇಡೀ ನೌಕರಿ ಬೇಕು. ನನಗೆ ಬಡ್ತಿ ಯಾವಾಗ ಬಂತು ಎಂದು ಇಲ್ಲಿ ಬರೆಯುವುದಿಲ್ಲ. ಬಂದದ್ದೇ ತಡವಾಗಿ, ಅದನ್ನು ನೆನೆದು ಈ ವಯಸ್ಸಿನಲ್ಲಿ ಬಿ.ಪಿ. ಯಾಕೆ ಏರಿಸಿಕೊಳ್ಳಲಿ?

ಇದು ಎಂಬತ್ತರ ದಶಕದ ಮಾತು. ನವಲಗುಂದದ ಆಚೆ, ಕರಿಮಣ್ಣಿನ ಹೊಲಗಳ ನಡುವೆ, ಒಂದು ಶಿಕ್ಷಣ ಟ್ರಸ್ಟಿನವರು ಸಣ್ಣ ಬೆಳೆ ಸಂಶೋಧನಾ ಕೇಂದ್ರ ನಡೆಸುತ್ತಿದ್ದರು. ಹೆಸರು ಬೇಡ. ಬಸ್ಸಿಳಿದು ನಡೆದು ಹೋಗಬೇಕು. ಮಳೆಯಾಯಿತೋ, ಚಪ್ಪಲಿ ಕೈಯಲ್ಲಿ, ಕೆಸರು ಮೊಣಕಾಲಿಗೆ. ಅಲ್ಲಿ ಬೆರಳೆಣಿಕೆಯ ವಿಜ್ಞಾನಿಗಳು, ಒಬ್ಬ ಜವಾನ, ಒಂದು ಗ್ರಂಥಾಲಯ ಮತ್ತು ಆ ಗ್ರಂಥಾಲಯಕ್ಕೆ ನಾನು.

ಮುಖ್ಯಸ್ಥರು ಇನಾಮದಾರ ಸಾಹೇಬರು. ಅಪ್ರಾಮಾಣಿಕರು ಎಂದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಲಂಚ ಮುಟ್ಟಿದವರಲ್ಲ, ಸೆರೆ ಮುಟ್ಟಿದವರಲ್ಲ, ಹೊಲದ ಮಣ್ಣು ಮುಟ್ಟಿದವರಲ್ಲ, ಜರ್ನಲ್ಲುಗಳನ್ನೂ ಮುಟ್ಟಿದವರಲ್ಲ. ಈ ಜರ್ನಲ್ಲುಗಳು ಹಡಗಿನಲ್ಲಿ ಬರುತ್ತಿದ್ದವು. ಚಳಿಗಾಲದ ಸಂಚಿಕೆ ನಮಗೆ ಮುಟ್ಟುವಷ್ಟರಲ್ಲಿ ಮುಂಗಾರಿನ ಹೆಸರುಕಾಳು ಕೊಯ್ಲಿಗೆ ಬಂದಿರುತ್ತಿತ್ತು. ಬಂದ ಕೂಡಲೇ ಅವು ಗಾಜಿನ ಕಪಾಟು ಸೇರುತ್ತಿದ್ದವು, ಅದರ ಕೀಲಿಕೈ ಸಾಹೇಬರ ಉಡದಾರಕ್ಕೆ.

ಕಪಾಟು ತೆರೆಯುತ್ತಿದ್ದುದು ದಸರೆಯ ಖಂಡೇಪೂಜೆಗೆ ಮಾತ್ರ. ಟ್ರ್ಯಾಕ್ಟರಿಗೆ, ಟೈಪ್‌ರೈಟರಿಗೆ, ಕಪಾಟಿಗೆ ಒಂದೇ ಸಾಲಿನಲ್ಲಿ ಪೂಜೆ. ಜರ್ನಲ್ಲುಗಳ ಬೆನ್ನಿಗೆ ಕುಂಕುಮ ಹಚ್ಚಿ, ಮೇಲೆ ಬನ್ನಿ ಎಲೆ ಇಟ್ಟು, ಕಾಯಿ ಒಡೆದು, ಮತ್ತೆ ಕೀಲಿ ಜಡಿಯುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ವರ್ಷ, ನನಗಿನ್ನೂ ಬುದ್ಧಿ ಬಂದಿರಲಿಲ್ಲ, ಕೇಳಿಬಿಟ್ಟೆ.

"ಸರ್, ಇವನ್ನ ಓದೂದು ಯಾವಾಗ್ರಿ?"

ಸಾಹೇಬರು ನನ್ನನ್ನು ಹುಚ್ಚಿಯಂತೆ ನೋಡಿದರು. "ಪಾಟೀಲ ಬಾಯಾರ, ಇವುಗಳ ಕಿಮ್ಮತ್ತು ಗೊತ್ತದ ಏನು? ಓದಿದ್ರ ಮೂಲಿ ಮುದುಡತಾವ."

ಊಟಕ್ಕಿಲ್ಲದ ಉಪ್ಪಿನಕಾಯಿ ಎನ್ನುತ್ತಾರಲ್ಲ, ಹಾಗೆ. ಭರಣಿಗೆ ಮಾತ್ರ ವರ್ಷಾ ವರ್ಷಾ ಆರತಿ.

ಈ ನಡುವೆ ಮಲ್ಲೇಶ ಚಲವಾದಿ ಬಂದ. ಮೊರಬದ ಹುಡುಗ. ತಂದೆ ತಾಯಿ ಇಬ್ಬರೂ ಮಂದಿಯ ಹೊಲದಲ್ಲಿ ಕೂಲಿ ಮಾಡಿ ಓದಿಸಿದ್ದರು. ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಬಾಜೂಕ್ಕೆ ಇವನ ಎಂ.ಎಸ್ಸಿ. ಪದವಿಯ ಫೋಟೋ. ಕೇಂದ್ರದಲ್ಲಿ ಅವನದು ಹಂಗಾಮಿ ಕೆಲಸ. ಕುಸುಬಿಯ ಸೊರಗು ರೋಗದ ಬೆನ್ನು ಹತ್ತಿದ್ದ. ಹಸಿರಾಗಿ ನಿಂತ ಗಿಡ ನೋಡನೋಡುತ್ತ ಒಂದೇ ಮಗ್ಗುಲಿಗೆ ಹಳದಿಯಾಗಿ ಒಣಗಿ ನಿಲ್ಲುವ ರೋಗ ಅದು. ಓದಲು ಜರ್ನಲ್ ಕೇಳಿದಾಗ ಸಾಹೇಬರು, "ಖಾಯಂ ಆದವ್ರಿಗಷ್ಟ," ಎಂದರು. ಖಾಯಂ ಆದವರು ಒಬ್ಬರೂ ಕೇಳಿರಲಿಲ್ಲ ಎನ್ನುವುದು ಬೇರೆ ಮಾತು.

ಹುಡುಗ ಮುಖ ಸಣ್ಣದು ಮಾಡಿಕೊಂಡು ನನ್ನ ಮೇಜಿನ ಮುಂದೆ ನಿಂತ. "ಅಕ್ಕಾರ, ಗಾಜಿನಾಗಿಂದ ಕಾಣತೈತ್ರಿ, ಆದ್ರ ಓದಾಕ ಆಗೂದಿಲ್ಲ."

ನನಗೆ ಆಗ ಒಂದು ರೂಢಿ ನೆನಪಾಯಿತು. ಲೇಖನ ಅಚ್ಚಾದ ಮೇಲೆ ಜರ್ನಲ್ಲಿನವರು ಅದರ ಬಿಡಿ ಪ್ರತಿಗಳ ಒಂದು ಕಟ್ಟನ್ನು ಲೇಖಕನಿಗೆ ಕೊಡುತ್ತಾರೆ, ರಿಪ್ರಿಂಟ್ ಎನ್ನುತ್ತಾರೆ. ಜಗತ್ತಿನ ಯಾವ ಮೂಲೆಯಿಂದ ಯಾರು ಕಾರ್ಡು ಬರೆದು ಕೇಳಿದರೂ ಲೇಖಕ ಒಂದು ಪ್ರತಿ ಕಳಿಸಬೇಕು. ಕಾನೂನಲ್ಲ, ಮರ್ಯಾದೆ. ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ ಕಾರ್ಡು ಅಚ್ಚು ಹಾಕಿಸಿದೆ. ಮುದ್ರಣಾಲಯದವನು ಭಾರೀ ಶಾಣ್ಯಾ. ವಿಜ್ಞಾನಿಗಳಿಗೆ ಎಂದು ಕೇಳಿದ್ದೇ, ಕೆಳಗೆ ಹೆಸರು ಬರೆಯುವ ಗೆರೆಯ ಮುಂದೆ ತಾನೇ 'ಡಾ.' ಎಂದು ಇಂಗ್ಲಿಷಿನಲ್ಲಿ ಹಾಕಿಬಿಟ್ಟಿದ್ದ. ಕಾರ್ಡಿಗೆ ಒಪ್ಪಿಗೆ ಕೇಳಲು ಹೋದರೆ ಸಾಹೇಬರು ಉದಾರವಾಗಿಯೇ ಇದ್ದರು. "ಕೇಳ್ರಿ, ಕೇಳೂದ್ರಾಗ ಏನದ? ಕಾರ್ಡ್ ಬಂದ್ರ ಕಳಸೂದು ವಿಜ್ಞಾನಿ ಧರ್ಮ." ಈ ಮಾತನ್ನು ನಾನು ಸೆರಗಿಗೆ ಗಂಟು ಹಾಕಿಟ್ಟುಕೊಂಡೆ.

ಹಳೆಯ ಪುಸ್ತಕಗಳಲ್ಲಿ ಸಿಕ್ಕ ಹೆಸರು, ವಿಳಾಸ ನೋಡಿ ಬರೆದ ಮೊದಲ ಕಾರ್ಡುಗಳಲ್ಲೇ ನನ್ನದೊಂದು ಎಡವಟ್ಟು. ತೀರಿಹೋಗಿದ್ದ ಒಬ್ಬ ವಿಜ್ಞಾನಿಗೆ ಬರೆದುಬಿಟ್ಟಿದ್ದೆ. ಸಾವಿನ ಸುದ್ದಿ ಬಹುಶಃ ಜರ್ನಲ್ಲಿನಲ್ಲಿ ಬಂದಿತ್ತು, ಜರ್ನಲ್ಲು ಗಾಜಿನೊಳಗಿತ್ತು. ಅವರ ಹೆಂಡತಿ ಒಂದು ದೊಡ್ಡ ಕಟ್ಟನ್ನೇ ಕಳಿಸಿದಳು: ನನ್ನ ಗಂಡ ಬರೆದದ್ದೆಲ್ಲ ಇಲ್ಲಿದೆ, ಮನೆಯಲ್ಲಿ ಓದುವವರು ಯಾರೂ ಇಲ್ಲ, ನಿಮ್ಮಲ್ಲಿ ಓದಲಿ ಎಂದು. ಆ ಕಟ್ಟು ಬಿಚ್ಚುವಾಗ ನನಗೆ ಅಳು ಬಂತು. ಅದರಲ್ಲಿ ಕುಸುಬಿಯ ಮೇಲೂ ಒಂದು ಲೇಖನವಿತ್ತು. ಮಲ್ಲೇಶಿ ಅದನ್ನು ಓದಿಯೇ ಬೀಜವನ್ನು ಪರೀಕ್ಷೆ ಮಾಡುವ ದಾರಿ ಹಿಡಿದ.

ಹೀಗೆ ಬಂದ ಬಿಡಿ ಪ್ರತಿಗಳನ್ನು ಎಲ್ಲಿಡುವುದು? ಉಗ್ರಾಣದಲ್ಲಿ ಒಂದು ಹಳೆಯ ಕಪಾಟಿತ್ತು. ಅದರ ಕದಗಳು ಹಿಂದೆಂದೋ ಗೆದ್ದಲಿನ ಪಾಲಾಗಿದ್ದವು. ಅದನ್ನೇ ಒರೆಸಿ ಬಾಗಿಲ ಹತ್ತಿರ ನಿಲ್ಲಿಸಿದೆ. ಯಾರು ಬೇಕಾದರೂ ತೆಗೆದುಕೊಳ್ಳಿ, ಓದಿ, ಇಡಿ. ನಮ್ಮ ವಿಜ್ಞಾನಿಗಳು ಬರೆದದ್ದರ ಟೈಪು ಪ್ರತಿಗಳನ್ನೂ ಕೇಳಿ ಕೇಳಿ ತಂದು ಸೇರಿಸಿದೆ. ಏನೇನಿದೆ ಎಂಬ ಪಟ್ಟಿಯನ್ನು ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆದು ಸುತ್ತಲಿನ ಶಾಲೆ ಕಾಲೇಜುಗಳಿಗೆ ಕಳಿಸಿದೆ. ಕುಂದಗೋಳದಿಂದ ಮಾಸ್ತರರು ಬಂದರು, ನವಲಗುಂದದ ಕಾಲೇಜಿನವರು ಬಂದರು, ಕಲಘಟಗಿ ಕಡೆಯ ದುಮ್ಮವಾಡದಿಂದ ಭತ್ತದ ಬಗ್ಗೆ ಕೇಳಿಕೊಂಡು ಒಬ್ಬರು ಎರಡು ಬಸ್ಸು ಬದಲಿಸಿ ಬಂದರು. ಸಾಹೇಬರು ಆ ಕಪಾಟಿನ ಮುಂದೆ ಹಾದುಹೋಗುವಾಗ ಮೂಗಿಗೆ ಕರವಸ್ತ್ರ ಹಿಡಿಯುತ್ತಿದ್ದರು. "ಫುಕಟ್ ಬಂದದ್ದಕ್ಕ ಕಿಮ್ಮತ್ತು ಎಲ್ಲಿಂದ ಬರ್ಬೇಕು?" ಎನ್ನುತ್ತಿದ್ದರು.

ಮಲ್ಲೇಶಿ ತನ್ನ ಪ್ರಯೋಗಕ್ಕೆ ನಮ್ಮ ಕೇಂದ್ರದ ಹೊಲದ ಜತೆಗೆ ತಿರ್ಲಾಪುರದ ಫಕೀರಪ್ಪ ಕಾಕಾನ ಹೊಲವನ್ನೂ ಆರಿಸಿಕೊಂಡಿದ್ದ. ಫಕೀರಪ್ಪ ಕಾಕಾನ ಕುಸುಬಿ ಬೀಜ ಸುತ್ತಲಿಗೆಲ್ಲ ಹೆಸರುವಾಸಿ, ಬೆಳ್ಳಗೆ, ದುಂಡಗೆ. ಹಿಂಗಾರಿ ಬಿತ್ತಿಗೆಗೆ ಅರ್ಧ ಊರು ಅವನ ಮನೆಯಿಂದಲೇ ಬೀಜ ಒಯ್ಯುತ್ತಿತ್ತು. ಹೊಲ ಕೊಡುವಾಗ ಅವನು ಕೇಳಿದ್ದು ಒಂದೇ. "ಏನ್ ಬರೀತಿ ಬರಿ. ಬರದದ್ದನ್ನ ನನಗೊಮ್ಮೆ ಓದಿ ಹೇಳ್ಬೇಕು."

ಬೀಜವನ್ನು ತೇವದ ಕಾಗದದ ಮೇಲಿಟ್ಟು ನೋಡಿದರೆ ಬೆಳ್ಳಗಿನ ಬೂಷ್ಟು. ರೋಗ ಕೂತದ್ದು ಬೀಜದಲ್ಲೇ. ಊರಿಗೆಲ್ಲ ಹಂಚುತ್ತಿದ್ದ ಬೀಜದಲ್ಲಿ! ಫಕೀರಪ್ಪ ಕಾಕಾ ಗ್ರಂಥಾಲಯಕ್ಕೆ ಬಂದಾಗ ಮಲ್ಲೇಶಿ ನನ್ನ ಮುಂದೆಯೇ ಹೇಳಿದ.

"ಕಾಕಾ, ರೋಗ ನಿಮ್ಮ ಬೀಜದಾಗ ಐತ್ರಿ. ಈ ಸಲ ಯಾರಿಗೂ ಕೊಡಬ್ಯಾಡ್ರಿ. ನೀವೂ ಬಿತ್ತಬ್ಯಾಡ್ರಿ."

ಕಾಕಾ ಸಿಟ್ಟಾಗಲಿಲ್ಲ. ನಕ್ಕ. "ಏ ತಮ್ಮಾ, ನಮ್ಮಪ್ಪನ ಕಾಲದಿಂದ ಬಂದ ಬೀಜ ಅದು. ಅದು ಕೆಟ್ಟೈತಿ ಅಂತ ಊರ ಮುಂದ ಹೆಂಗ್ ಹೇಳ್ಲಿ? ಯಾರು ಹೇಳಿದ್ರು ಅಂತ ಕೇಳಿದ್ರ? ಮೊರಬದ ಚಲವಾದ್ಯಾರ ಹುಡುಗ ಹೇಳ್ದಾ ಅಂದ್ರ ನಗತಾರಪಾ. ಅಚ್ಚಾಗಿ ಬರ್ಲಿ. ಅಚ್ಚಿನ್ಯಾಗ ನಿನ್ನ ಹೆಸರಿರ್ಲಿ. ಆಮ್ಯಾಲ ಯಾರ್ ಬಾಯಿ ತಗೀತಾರ ನೋಡೂಣು."

ಇಷ್ಟು ಹೇಳಿ ಎದ್ದು ಹೋದ. ನನಗೆ ಮೈಯೆಲ್ಲ ಉರಿಯಿತು. ಮಲ್ಲೇಶಿ ಮಾತ್ರ, "ಬಿಡ್ರಿ ಅಕ್ಕಾರ, ಅಂವ ಇದ್ದದ್ದ ಹೇಳ್ದಾ. ಅಚ್ಚ ಹಾಕ್ಸೂಣು," ಎಂದ.

ಅಚ್ಚು ಹಾಕಿಸುವುದೆಂದರೆ ಸಾಹೇಬರ ಮೂಲಕ. ಮಲ್ಲೇಶಿ ಬರೆದ ಲೇಖನವನ್ನು ಅವರು ಬಹಳ ಶ್ರದ್ಧೆಯಿಂದ ತಿದ್ದಿದರು. ಅಂದರೆ, ಮೊದಲಿಗೆ ತಮ್ಮ ಹೆಸರು ಸೇರಿಸಿದರು. ಅದಾದ ಮೇಲೆ ತಿದ್ದುವುದಕ್ಕೆ ಏನೂ ಉಳಿದಿರಲಿಲ್ಲ. ಗಾಜಿನ ಕಪಾಟಿನ ಜರ್ನಲ್ಲುಗಳಲ್ಲೇ ತೀರ ತುಟ್ಟಿಯಾದದ್ದಕ್ಕೆ ಕಳಿಸಿದರು. ಲೇಖನ ಒಪ್ಪಿತವಾಯಿತು. ಇದರ ಹಕ್ಕೆಲ್ಲ ನಮ್ಮದೇ ಎಂದು ಬರೆದುಕೊಡಿ ಎಂದು ಜರ್ನಲ್ಲಿನವರು ಕೇಳಿದರು. ಸಾಹೇಬರು ಹಸಿರು ಶಾಯಿಯಲ್ಲಿ ಸಹಿ ಹಾಕಿದರು, ಮಗಳನ್ನು ದೊಡ್ಡ ಮನೆತನಕ್ಕೆ ಕೊಟ್ಟ ತಂದೆಯ ಗತ್ತಿನಲ್ಲಿ. ಹೊಲ ತಿರ್ಲಾಪುರದ್ದು, ಬೆವರು ಮೊರಬದ್ದು, ಹಕ್ಕು ಕಡಲಾಚೆಯದು. ಕೇಳುವವರಿಲ್ಲ.

ಅಚ್ಚಾಗುವ ದಾರಿ ಕಾಯುತ್ತ ಒಂದು ಹಿಂಗಾರಿ ಕಳೆದೇಹೋಯಿತು. ಕಾಕಾನ ಬೀಜವನ್ನು ಎಂದಿನಂತೆ ಊರೆಲ್ಲ ಬಿತ್ತಿತು, ಬೆಳೆ ಎಂದಿನಂತೆ ಸೊರಗಿತು. ಮಲ್ಲೇಶಿ ರಜೆಯ ದಿನ ತಿರ್ಲಾಪುರದ ಹೊಲಗಳ ಬದುವಿನ ಮೇಲೆ ಅಡ್ಡಾಡಿ ಬರುತ್ತಿದ್ದ. ಬಂದ ಮೇಲೆ ಅವತ್ತಿಡೀ ಊಟ ಮಾಡುತ್ತಿರಲಿಲ್ಲ.

ಇನ್ನು ತಮಾಷೆ ಕೇಳಿ. ಆ ವರ್ಷವೇ ಜರ್ನಲ್ಲುಗಳ ಬೆಲೆ ಏರಿತು. ಟ್ರಸ್ಟಿನವರು ಚಂದಾ ನಿಲ್ಲಿಸಿದರು. ನಮ್ಮ ಲೇಖನವಿದ್ದ ಸಂಚಿಕೆ ಜಗತ್ತಿಗೆಲ್ಲ ಹೋಯಿತು, ನಮ್ಮಲ್ಲಿಗೆ ಬರಲಿಲ್ಲ. ನಾವೇ ಬೆಳೆದದ್ದು, ನಾವೇ ಬರೆದದ್ದು, ಓದಬೇಕೆಂದರೆ ನಾವೇ ಕೊಳ್ಳಬೇಕು, ಕೊಳ್ಳಲು ನಮಗೆ ತ್ರಾಣವಿಲ್ಲ. ಇದಕ್ಕೆ ಸಂಶೋಧನೆ ಎನ್ನುತ್ತಾರೆ.

ಬಿಡಿ ಪ್ರತಿಗಳ ಕಟ್ಟೊಂದು ಮೊದಲ ಲೇಖಕರಾದ ಸಾಹೇಬರ ಹೆಸರಿಗೆ ಬಂತು. ಮಲ್ಲೇಶಿ ಓಡೋಡಿ ಹೋಗಿ ಒಂದು ಪ್ರತಿ ಕೇಳಿದ. ಸಾಹೇಬರು ತೋರಿಸಿದರು, ಕೊಡಲಿಲ್ಲ. "ಹಕ್ಕು ಅವರದದ. ಹಂಗೆಲ್ಲ ಹಂಚಾಕ ಬರೂದಿಲ್ಲ. ದೊಡ್ಡ ಮಂದಿ ಬಂದಾಗ ಕೊಡಾಕ ಬೇಕು," ಎಂದು ಕಟ್ಟನ್ನು ಗಾಜಿನ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹುಡುಗ ಗಾಜಿನ ಈಚೆ ನಿಂತು ತನ್ನ ಹೆಸರನ್ನು ತಾನೇ ನೋಡುತ್ತಿದ್ದ. ಅದನ್ನು ಕಂಡ ದಿನ ನಾನು ನಿರ್ಧಾರ ಮಾಡಿದೆ. ಬಿತ್ತಿಗೆ ಹತ್ತಿರ ಬಂದಿತ್ತು. ಇನ್ನೊಂದು ಹಿಂಗಾರಿಯನ್ನು ಆ ಬೀಜಕ್ಕೆ ಬಿಡಬಾರದು.

ಸಾಹೇಬರ ಮಾತು ನನ್ನ ಸೆರಗಿನ ಗಂಟಿನಲ್ಲಿತ್ತಲ್ಲ: ಕಾರ್ಡು ಬಂದರೆ ಕಳಿಸುವುದು ಧರ್ಮ. ಉಳಿದಿದ್ದ ಕಾರ್ಡುಗಳನ್ನು ತೆಗೆದು, ಕದವಿಲ್ಲದ ಕಪಾಟಿಗೆ ಬಂದವರಿಗೆಲ್ಲ ಕೊಟ್ಟೆ. "ಕುಸುಬಿ ಸೊರಗು ರೋಗದ ಲೇಖನ ಕಳಸ್ರಿ ಅಂತ ಇನಾಮದಾರ ಸಾಹೇಬ್ರಿಗೆ ಬರೀರಿ. ನಿಮ್ಮ ಊರಿಂದ ಟಪಾಲಿಗೆ ಹಾಕ್ರಿ," ಎಂದೆ. ಫಕೀರಪ್ಪ ಕಾಕಾನಿಗೂ ಒಂದು ಕೊಟ್ಟೆ. ಅವನು ಗೆರೆಯ ಮೇಲೆ ತನ್ನ ಹೆಸರು, ಊರು ಬರೆದು, "ಇದ್ಯಾಕ ಬೇಕ್ರಿ ಅಕ್ಕಾರ, ಮಲ್ಲೇಶಿನ್ನ ಕೇಳಿದ್ರ ಆಗಾಂಗಿಲ್ಲೇನು?" ಎಂದ.

"ಮಲ್ಲೇಶಿ ಹೇಳಿದ್ದು ನಿಮಗ ನಡೆಯೂದಿಲ್ಲಲ್ಲ ಕಾಕಾ. ಅಚ್ಚಿಂದು ಬೇಕಂದ್ರಿ. ಕೇಳ್ರಿ ಮತ್ತ," ಎಂದೆ. ಅವನು ಕಾರ್ಡನ್ನು ಅಂಗಿಯ ಕಿಸೆಗೆ ಹಾಕಿಕೊಂಡ.

ಕಾರ್ಡುಗಳು ಬರತೊಡಗಿದವು. ಮೊದಲನೆಯದು ಬಂದ ದಿನ ಸಾಹೇಬರು ಅದನ್ನು ಮೇಜಿನ ಗಾಜಿನ ಕೆಳಗಿಟ್ಟರು. ಅದರ ಬೆನ್ನಿಗೆ ಇನ್ನಷ್ಟು ಬಂದಾಗ ಕುರ್ಚಿಯಲ್ಲಿ ಕೂರಲಾಗದೆ ನನ್ನ ಹತ್ತಿರ ಬಂದರು.

"ಬಾಯಾರ, ಕುಂದಗೋಳದಾಗೂ ನನ್ನ ಲೇಖನ ಕೇಳವ್ರು ಇದ್ದಾರಲ್ರಿ! ದುಮ್ಮವಾಡದಾಗ ಒಬ್ಬ ಡಾಕ್ಟರ್ ಇದ್ದಾರಂತ ನನಗ ಗೊತ್ತ ಇರ್ಲಿಲ್ಲ!"

"ಜಗತ್ತು ಭಾಳ ದೊಡ್ಡದೈತ್ರಿ ಸರ್," ಎಂದೆ.

ಮುಖಸ್ತುತಿಗೆ ಕರಗದ ಬೆಣ್ಣೆ ಎಲ್ಲಿದೆ? ಕೀಲಿಕೈ ಉಡದಾರದಿಂದ ಇಳಿದು ಮೇಜಿನ ಮೇಲೇ ಬಿತ್ತು. ಪ್ರತಿಯೊಂದು ಪ್ರತಿಗೂ ಹಸಿರು ಸಹಿ, ಪ್ರತಿಯೊಂದು ಲಕೋಟೆಯ ಮೇಲೂ ಅವರದೇ ಅಕ್ಷರ. ಕಟ್ಟು ಖಾಲಿಯಾಯಿತು, ಕಾರ್ಡು ನಿಲ್ಲಲಿಲ್ಲ. ಆಗ ತಾವಾಗಿಯೇ ಆಜ್ಞೆ ಮಾಡಿದರು. "ಸೈಕ್ಲೋಸ್ಟೈಲ್ ಮಾಡಸ್ರಿ. ಬೇಡಿದವ್ರಿಗೆ ಇಲ್ಲ ಅನಬಾರದು. ಆ ನಿಮ್ಮ ಕಪಾಟಿನ್ಯಾಗೂ ಇಡ್ರಿ." ಹಕ್ಕು ಕಡಲಾಚೆಯದು ಎಂದು ನಾನು ನೆನಪಿಸಲಿಲ್ಲ. ನನಗೇನು ಹುಚ್ಚೇ?

ಆದರೆ ಅವರ ಲೇಖನ ಒಳಗೆ ಬಂದ ಮೇಲೆ ಕಪಾಟಿಗೂ ಘನತೆ ಬಂತಲ್ಲ. ಮರುದಿನವೇ ಬಡಗಿಗೆ ಹೇಳಿ ಸಾಗವಾನಿಯ ಎರಡು ಕದ ಮಾಡಿಸಿದರು, ಕೀಲಿ ಚಿಲಕದ ಸಮೇತ. ಕದಗಳು ಬಂದವು. ಅವನ್ನು ಕೂರಿಸುವ ತಿರುಗಣಿ ಸಿಗಲಿಲ್ಲ ಎಂದೆ. ನಾಳೆ ಹಚ್ಚಿಸೋಣ ಎಂದೆ. ಆ ನಾಳೆ ಬರುವಷ್ಟರಲ್ಲಿ ಕದಗಳನ್ನು ಅಡ್ಡ ಮಲಗಿಸಿ, ಕೆಳಗೆ ಇಟ್ಟಂಗಿ ಪೇರಿಸಿ, ಓದುವವರಿಗೆ ಮೇಜು ಮಾಡಿಬಿಟ್ಟೆ. ಸಾಹೇಬರು ಕಪಾಟನ್ನು ಮರೆತರು; ಅವರಿಗೆ ಕಾರ್ಡು ಓದುವುದೇ ದೊಡ್ಡ ಕೆಲಸವಾಗಿತ್ತು.

ಆ ಮೇಜಿನ ಮುಂದೆಯೇ ಒಂದು ದಿನ ಫಕೀರಪ್ಪ ಕಾಕಾ ಬಂದು ಕುಳಿತ. ಕೈಯಲ್ಲಿ ಸಾಹೇಬರ ಲಕೋಟೆ. ಮೇಲೆ ಹಸಿರು ಶಾಯಿಯಲ್ಲಿ 'ಡಾ. ಫಕೀರಪ್ಪ, ತಿರ್ಲಾಪುರ' ಎಂದಿತ್ತು. ತಮ್ಮ ಪ್ರಯೋಗದ ಹೊಲದ ಒಡೆಯ ಯಾರೆಂದು ಸಾಹೇಬರಿಗೆ ಗೊತ್ತಿದ್ದರೆ ತಾನೇ!

"ಪೋಸ್ಟಿನಾಂವ ಊರ ತುಂಬ ಓದಿಕೋತ ಬಂದಾನ್ರಿ. ಒಬ್ಬಾಕಿ ಮಗೂಗೆ ಜ್ವರ ಅಂತ ಎತಿಗೊಂಡು ಬಂದಿದ್ಲು," ಎಂದ ಕಾಕಾ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ನಗಲಿಲ್ಲ. "ಎಲ್ಲೈತಪಾ ನಿನ್ನ ಹೆಸರು?" ಎಂದು ಮಲ್ಲೇಶಿಯನ್ನು ಕೇಳಿದ.

ಮಲ್ಲೇಶಿ ತೋರಿಸಿದ. ಕಾಕಾ ಅದರ ಮೇಲೆ ಬೆರಳಾಡಿಸಿದ. "ನನ್ನ ಹೊಲ ಎಲ್ಲೈತಿ?"

"ಇಲ್ನೋಡ್ರಿ, ಬಿ ಹೊಲ ಅಂತ ಐತಲ್ಲ. ಎ ಅಂದ್ರ ನಮ್ಮ ಕೇಂದ್ರದ್ದು. ಬಿ ಅಂದ್ರ ನೀವು."

ಆಮೇಲೆ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತ ಹೋದ. ಬೀಜದಲ್ಲಿ ರೋಗ, ಬೀಜದಿಂದ ಹೊಲಕ್ಕೆ, ಹೊಲದಿಂದ ಮತ್ತೆ ಬೀಜಕ್ಕೆ. ಹೋದ ವರ್ಷ ಇದೇ ಕೋಣೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ್ದಕ್ಕಿಂತ ಒಂದು ಅಕ್ಷರ ಹೆಚ್ಚಿರಲಿಲ್ಲ. ಕಾಕಾ ಲೇಖನವನ್ನು ಮತ್ತೆ ಲಕೋಟೆಯೊಳಗೆ ಹಾಕಿದ.

"ಹಂಗಾರ ಊರಿಗೆ ರೋಗ ಹಂಚಿದಾಂವ ನಾನ."

"ನಿಮಗ ಗೊತ್ತಿರ್ಲಿಲ್ಲಲ್ರಿ ಕಾಕಾ," ಎಂದ ಮಲ್ಲೇಶಿ.

"ಹೋದ ಹಿಂಗಾರಿಗೆ ಗೊತ್ತಿತ್ತಲ್ಲ. ನೀ ಹೇಳಿದ್ದಿ. ಅಚ್ಚ ಬೇಕಂದಾಂವ ನಾನ." ಲಕೋಟೆಯನ್ನು ಮಡಚಿ ಮಲ್ಲೇಶಿಯ ಕೈಗೇ ಕೊಟ್ಟ. "ಇದನ್ನ ನಾ ಒಯ್ಯಾಂಗಿಲ್ಲ. ನೀನ ಬಾ. ನಮ್ಮೂರ ಕಟ್ಟಿ ಮ್ಯಾಲ ಕುಂತು ನೀನ ಹೇಳು. ಯಾರ್ ನಗತಾರ ನಾನೂ ನೋಡ್ತೇನಿ."

ನಾನೂ ಹೋಗಿದ್ದೆ. ತಿರ್ಲಾಪುರದ ಕಟ್ಟೆಯ ಮೇಲೆ ಚಲವಾದ್ಯಾರ ಹುಡುಗ ಕುಳಿತದ್ದನ್ನು ಆ ಊರು ಅದೇ ಮೊದಲು ಕಂಡದ್ದು. ಒಂದಿಬ್ಬರು ಎದ್ದು ಹೋದರು. ಫಕೀರಪ್ಪ ಕಾಕಾ ಅವನ ಪಕ್ಕದಲ್ಲಿ, ತೊಡೆಗೆ ತೊಡೆ ತಾಗಿಸಿ ಕುಳಿತ. ಮಲ್ಲೇಶಿ ಲೇಖನ ಬಿಚ್ಚಿ ಮೊದಲ ಸಾಲಿನಿಂದ ಹೇಳತೊಡಗಿದ. ಹೇಳಿ ಮುಗಿದ ಮೇಲೆ ಕಾಕಾ ಮನೆಗೆ ಹೋಗಿ ಬೀಜದ ಚೀಲಗಳನ್ನೆಲ್ಲ ಚಕ್ಕಡಿಗೆ ಹೇರಿ, ಎಲ್ಲರೂ ನೋಡುತ್ತಿದ್ದಂತೆ ಗಾಣಕ್ಕೆ ಹೊಡೆದುಕೊಂಡು ಹೋದ. ಅಪ್ಪನ ಕಾಲದ ಬೀಜ ಅವತ್ತು ಎಣ್ಣೆಯಾಯಿತು. ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ, ಸುಳ್ಳು ಯಾಕೆ ಹೇಳಲಿ.

ಆ ಎಣ್ಣೆಯಲ್ಲಿ ಒಂದು ಡಬ್ಬಿ ನಮ್ಮ ಕೇಂದ್ರಕ್ಕೂ ಬಂತು. ಜವಾನ ಮಿರ್ಚಿ ಭಜಿ ಕರಿದ. ಸಾಹೇಬರು ಕಾರ್ಡುಗಳನ್ನು ಬದಿಗೆ ಸರಿಸಿ ಗಟ್ಟಿಯಾಗಿ ತಿಂದರು.

"ಬಾಯಾರ, ಅಗದಿ ಛಲೋ ಎಣ್ಣಿ ಅದ. ಎಲ್ಲಿ ಕುಸುಬಿದು?"

"ಬಿ ಹೊಲದ್ದುರಿ ಸರ್," ಎಂದೆ.

ಸಾಹೇಬರು ಬೆರಳು ನೆಕ್ಕುತ್ತ, ಏನೋ ನೆನಪು ಮಾಡಿಕೊಳ್ಳುವವರಂತೆ ಕಣ್ಣು ಕಿರಿದು ಮಾಡಿದರು. "ಬಿ ಹೊಲ... ಈ ಹೆಸರು ಎಲ್ಲ್ಯೋ ಓದೇನಲ್ರಿ?"